ಸಮುದ್ರ, ಕಾಡು, ಬೆಟ್ಟ ಮತ್ತು ನಾವು

ಮಾರ್ಚಪ್ಪ ಸಮುದ್ರ ನೋಡಿರಲಿಲ್ಲ. ಆದರೆ ಸಮುದ್ರವನ್ನು ಬಲಗಡೆಯಿಂದ ಎಷ್ಟು ಕತ್ತರಿಸಿದರೆ ಜುಲೈ ತಿಂಗಳ ಭಾನುವಾರಗಳಿಗೆ ಜಾಗ ಸಿಗುತ್ತದೆ ಎಂಬುದು ಅವನಷ್ಟು ಚೆನ್ನಾಗಿ ಆ ಊರಿನಲ್ಲಿ ಇನ್ನು ಯಾರಿಗೂ ಗೊತ್ತಿರಲಿಲ್ಲ. ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವನ ಕೆಲಸವೇ ಅದು. ಯಾವ ತಿಂಗಳಿಗೆ ಯಾವ ದೃಶ್ಯ ಎಂದು ಜೋಡಿಸುವುದು, ಸೂರ್ಯ ಹೆಚ್ಚಾದರೆ ಕಡಿಮೆ ಮಾಡುವುದು, ಕಾಡಿನ ಮೂಲೆಯಲ್ಲಿ ಪ್ರೆಸ್ಸಿನ ಫೋನ್ ನಂಬರಿಗೆ ಒಂದು ಬಂಡೆ ಹುಡುಕಿಕೊಡುವುದು.

ಮಾರ್ಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಒಂದು ವರ್ಷ ಅವನು ಜೋಡಿಸಿದ ಕ್ಯಾಲೆಂಡರಿನಲ್ಲಿ ಎರಡು ಮಾರ್ಚ್ ಬಂದು ಏಪ್ರಿಲ್ ಬರದೇ ಹೋಯಿತು. ಏಪ್ರಿಲ್‌ನಲ್ಲಿ ಮದುವೆ ಗೊತ್ತಾಗಿದ್ದ ಒಬ್ಬ ವರನ ಹೊರತು ಯಾರೂ ದೂರು ಕೊಡಲಿಲ್ಲ. ಅವನೂ ಮದುವೆಯಾದ ಮೇಲೆ ದೂರನ್ನು ವಾಪಸ್ ಪಡೆದು, ನಿಮ್ಮ ಕ್ಯಾಲೆಂಡರೇ ಸರಿಯಿತ್ತು ಎಂದು ಹೇಳಿ ಹೋದನಂತೆ. ಹೆಸರು ಮಾತ್ರ ಉಳಿಯಿತು.

ದೃಶ್ಯಗಳ ನಡುವೆ ಇಷ್ಟು ವರ್ಷ ಕೂತವನು ದೃಶ್ಯಗಳ ಬಗ್ಗೆ ಅಧಿಕಾರದಿಂದ ಮಾತಾಡಿದರೆ ತಪ್ಪೇನೂ ಇಲ್ಲ. ಪ್ರೆಸ್ಸಿನವರು ಎಲ್ಲಿಗಾದರೂ ಹೊರಟರೆ ಅವನನ್ನು ಕೇಳುತ್ತಿದ್ದರು. "ಸೇತುವೆ ದಾಟಿದ್ಮೇಲೆ ಎಡಗಡೆ ನಿಲ್ಸಿ, ಅಲ್ಲಿ ಬೆಳಕು ಚೆನ್ನಾಗಿರುತ್ತೆ," ಎಂದು ಅವನು ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದ. ಹೋಗಿ ಬಂದವರು, ಸೇತುವೆಯ ಎಡಗಡೆ ಗೋಡೆ ಬಿಟ್ಟರೆ ಏನೂ ಇಲ್ಲವಲ್ಲ ಎಂದರೆ, "ನೀವು ಹೋಗಿದ್ದು ತಪ್ಪು ತಿಂಗಳು," ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಮೇಜಿನ ಮೇಲೆ ಸಮುದ್ರದ ಚಿತ್ರ, ಕಾಡಿನ ಚಿತ್ರ, ಬೆಟ್ಟದ ಚಿತ್ರ ಪಕ್ಕಪಕ್ಕದಲ್ಲಿ ಬಿದ್ದಿದ್ದವು. ಸಮುದ್ರದ ಪಕ್ಕದಲ್ಲಿ ಓಡುವ ರಸ್ತೆ ಕಾಗದದ ಅಂಚಿಗೆ ಬಂದು ನಿಂತಿತ್ತು. ಅದೇ ಜಾಗಕ್ಕೆ ಸರಿಯಾಗಿ ಕಾಡಿನ ರಸ್ತೆ ಶುರುವಾಗುತ್ತಿತ್ತು. ಕಾಡಿನ ರಸ್ತೆ ಮುಗಿದಲ್ಲಿ ಬೆಟ್ಟದ ತಿರುವು. ಮಾರ್ಚಪ್ಪ ಮೂರನ್ನೂ ಅಂಟಿಸಿ, ಸುರುಳಿ ಸುತ್ತಿ, ಮನೆಗೆ ತಂದು ಹೆಂಡತಿಯ ಮುಂದೆ ಬಿಚ್ಚಿದ.

ಅವನ ಹೆಂಡತಿ ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನ ಬಿಟ್ಟುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳನ್ನು ಕಾಯ್ದು, ತಮ್ಮದೆಂದು ಹೇಳಿಕೊಂಡು ಬಂದವರನ್ನು ಅನುಮಾನದಿಂದ ನೋಡುವುದು ಅವಳ ವೃತ್ತಿ. ಅದೇ ಕಣ್ಣಿನಿಂದ ಅವಳು ಸುರುಳಿಯನ್ನೂ ನೋಡಿದಳು.

"ಈ ರಸ್ತೆ ಇಲ್ಲಿಂದ ಇಲ್ಲಿಗೆ ಹೇಗೆ ಬಂತು?"

"ಅಂಟಿಸಿದೀನಿ."

"ಅಂಟಿಸಿದ್ರೆ ರಸ್ತೆ ಆಗುತ್ತೇನ್ರೀ?"

"ಎಷ್ಟು ಸರಿಯಾಗಿ ಕೂತಿದೆ ನೋಡು. ಇದು ಬೇರೆ ರಸ್ತೆ ಆಗೋಕೆ ಸಾಧ್ಯಾನೇ ಇಲ್ಲ. ಮುಂದಿನ ವಾರ ನಾವು ಕಾರಲ್ಲಿ ಹೋಗ್ತಾ ಇದೀವಿ."

ಅವಳು ಸುರುಳಿಯನ್ನು ಬಿಟ್ಟು ಅವನನ್ನು ನೋಡಿದಳು. "ನಾವು ಅಂದ್ರೆ ಯಾರು?"

"ನಾವು ಅಂದ್ರೆ ನಾವು."

"ನಿಮ್ಮ ನಾವು ನಂಗೆ ಗೊತ್ತಿಲ್ವಾ? ಮದುವೆ ಆದ ಹೊಸದ್ರಲ್ಲಿ ನಾವು ಕೆರೆ ನೋಡೋಕೆ ಹೋಗೋಣ ಅಂದ್ರಿ. ನಿಮ್ಮ ಚಿಕ್ಕಪ್ಪ ಮುಂದೆ ಕೂತ್ರು. ನಾನು ಹಿಂದೆ ನಿಮ್ಮ ಚಿಕ್ಕಮ್ಮಂಗೂ ಅವರ ಛತ್ರಿಗೂ ಮಧ್ಯೆ ಕೂತೆ. ಸಿನಿಮಾಗೆ ಹೋದಾಗ ನಿಮ್ಮ ಸ್ನೇಹಿತ ಮುಂದೆ ಕೂತ. ಆಸ್ಪತ್ರೆಗೆ ಹೋದಾಗ್ಲೂ ಎದುರುಮನೆಯವರು ಮುಂದೆ ಕೂತಿದ್ರು. ಹೊಟ್ಟೆನೋವು ಇದ್ದಿದ್ದು ನಂಗೆ."

"ಅವರಿಗೆ ದಾರಿ ಗೊತ್ತಿತ್ತು."

"ಆ ಕಾರಿನ ಮುಂದಿನ ಗಾಜಲ್ಲಿ ಪ್ರಪಂಚ ಹೇಗೆ ಕಾಣುತ್ತೆ ಅಂತ ನಂಗೆ ಇವತ್ತಿನವರೆಗೂ ಗೊತ್ತಿಲ್ಲ. ನಾನು ನೋಡಿರೋದೆಲ್ಲ ಯಾರದ್ದಾದ್ರೂ ಹಿಂದಲೆ."

ಮಾರ್ಚಪ್ಪ ಸುರುಳಿಯ ಮೇಲೆ ಕೈಯಿಟ್ಟು ಹೇಳಿದ: "ಈ ಸಲ ನಾವು ಅಂದ್ರೆ ನಾವಿಬ್ರೇ. ನೀನು ಮುಂದೆ."

"ಮೂರನೇ ತಲೆ ಕಂಡ್ರೆ ನಾನು ಬರಲ್ಲ. ಜಗಳಾನೂ ಆಡಲ್ಲ. ಇನ್ನು ಯಾವತ್ತೂ ಎಲ್ಲಿಗೆ ಅಂತ ಕೇಳಲ್ಲ, ಅಷ್ಟೇ."

ಅವಳು ಜಗಳ ಆಡಲ್ಲ ಎಂದಾಗ ಹೆದರಬೇಕು ಎಂಬಷ್ಟು ಸಂಸಾರಜ್ಞಾನ ಮಾರ್ಚಪ್ಪನಿಗಿತ್ತು. ಅವನಿಗಿಲ್ಲದ್ದು ವ್ಯಾಕರಣದ ಜ್ಞಾನ.

ಈ ವಿಷಯದಲ್ಲಿ ಅವನನ್ನು ಪೂರ್ತಿ ದೂರುವುದು ನ್ಯಾಯವಲ್ಲ. ನಮ್ಮ ಭಾಷೆಯಲ್ಲಿ 'ನಾವು' ಎಂಬ ಪದಕ್ಕೆ ಬಾಗಿಲಿದೆ, ಚಿಲಕವಿಲ್ಲ. ಹೇಳಿದವನು ತನ್ನ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾನೆ; ಕೇಳಿದವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿರುತ್ತಾನೆ. ಎದುರಿಗೆ ನಿಂತವರನ್ನು ಬಿಟ್ಟು 'ನಾವು' ಎನ್ನಲು ಬೇರೊಂದು ಪದ ಹಳಬರಲ್ಲಿ ಇತ್ತಂತೆ. ಯಾರೋ ಅದನ್ನು ಎಲ್ಲೋ ಬಿಟ್ಟುಬಂದಿದ್ದಾರೆ. ಮಾರ್ಚಪ್ಪನ ಹೆಂಡತಿಯ ಕೌಂಟರಿಗೂ ಅದು ಬಂದಿಲ್ಲ.

ಮರುದಿನ ಬೆಳಿಗ್ಗೆ ಅವನು ಕಾರು ತೊಳೆಯುತ್ತಿದ್ದಾಗ ಕಟ್ಟಡದ ಕಾವಲುಗಾರ ಬಂದು ನಿಂತ.

"ಎಲ್ಲಿಗೆ ಸಾರ್?"

"ಮುಂದಿನ ವಾರ ನಾವು ಸಮುದ್ರ, ಕಾಡು, ಬೆಟ್ಟ ಎಲ್ಲ ನೋಡ್ಕೊಂಡು ಬರೋಣ ಅಂತ."

ಕಾವಲುಗಾರ ತುಂಬ ಹೊತ್ತು ಯೋಚಿಸಿದ. "ಕರೆದ್ರಲ್ಲ, ಅಷ್ಟೇ ಸಾಕು ಸಾರ್. ನಂಗೆ ರಜಾ ಸಿಗಲ್ಲ," ಎಂದು ಕೈಮುಗಿದು ಗೇಟಿನ ಕಡೆ ನಡೆದ. ಮಾರ್ಚಪ್ಪ ಬಕೆಟ್ ಹಿಡಿದು ಹಾಗೇ ನಿಂತ. ಯಾರು ಯಾರನ್ನು ಕರೆದರು ಎಂಬುದು ಅವನಿಗೆ ಬಗೆಹರಿಯಲಿಲ್ಲ. ಬಗೆಹರಿಯುವ ಮೊದಲೇ ಹಲ್ಲುನೋವು ಬಂತು.

ಹಲ್ಲಿನ ಡಾಕ್ಟರು ಅದೇ ಕಟ್ಟಡದ ಕೆಳಮಹಡಿಯಲ್ಲಿದ್ದರು. ಮುಂದಿನ ಕೋಣೆ ಕ್ಲಿನಿಕ್ಕು, ಹಿಂದಿನ ಕೋಣೆಗಳಲ್ಲಿ ಸಂಸಾರ. ಮಾರ್ಚಪ್ಪನನ್ನು ಕುರ್ಚಿಯಲ್ಲಿ ಮಲಗಿಸಿ, ಸೂಜಿ ಚುಚ್ಚಿ, ದೀಪ ಎಳೆದುಕೊಂಡು ಕೇಳಿದರು.

"ಕಾರು ತೊಳೀತಿದ್ರಿ. ಎಲ್ಲೋ ಪ್ರಯಾಣ ಇರೋ ಹಾಗಿದೆ?"

"ಮುಂದಿನ ವಾರ ನಾವು ಸಮುದ್ರದ ದಾರಿ ಹಿಡ್ಕೊಂಡು, ಕಾಡು ದಾಟಿ, ಬೆಟ್ಟದವರೆಗೂ ಹೋಗಿ ಬರೋಣ ಅಂತ—"

ಇಷ್ಟು ಹೇಳುವುದರೊಳಗೆ ಅವನ ಬಾಯಲ್ಲಿ ಎರಡು ಹತ್ತಿಯ ಉಂಡೆಗಳು ಕೂತಿದ್ದವು. ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು.

"ನಾವಾ?"

"ಆ..."

"ಒಂದು ಮಾತು ಹೇಳ್ಲಾ? ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಎಲ್ಲಿಗೂ ಕರೆದಿಲ್ಲ. ಹಲ್ಲು ಡಾಕ್ಟರ ಎದುರಿಗೆ ಕೂತು ಊಟ ಮಾಡೋಕೂ ಜನಕ್ಕೆ ಸಂಕೋಚ. ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಾರೆ. ನನ್ನ ಹೆಂಡ್ತೀನೂ ಬರಬಹುದಾ?"

"ಆ... ಆ..."

"ಅವಳ ತಂಗಿ ಬಂದಿದಾಳೆ, ಅವಳು?"

ಅಷ್ಟರಲ್ಲಿ ಯಂತ್ರ ನರಕ್ಕೆ ತಾಗಿತು. "ಆಆ," ಎಂದ ಮಾರ್ಚಪ್ಪ.

"ದೊಡ್ಡ ಮನಸ್ಸು ನಿಮ್ದು," ಎಂದರು ಡಾಕ್ಟರು, ದೀಪದ ಆಚೆ ಕಣ್ಣೊರೆಸಿಕೊಳ್ಳುತ್ತ.

ಹತ್ತಿ ತೆಗೆದ ಮೇಲೆ ಮಾರ್ಚಪ್ಪ ಮರಗಟ್ಟಿದ ಅರ್ಧ ಮುಖದಲ್ಲೇ ಎದ್ದು ಕೂತು, ಪ್ರಾಣವನ್ನೆಲ್ಲ ತುಟಿಗೆ ತಂದು, "ನಾವಿಬ್ರೇ," ಎಂದ. ಅದು ಆ ತುಟಿಯಿಂದ ಹೊರಡುವಾಗ, "ನವೆಂಬ್ರೇ," ಎಂದಾಯಿತು.

"ನವೆಂಬರ್ ಯಾಕೆ? ಅಷ್ಟು ದಿನ ಕಾಯೋದು ಬೇಡ. ಮುಂದಿನ ವಾರಾನೇ ಹೋಗೋಣ," ಎಂದು ಡಾಕ್ಟರು ಒಳಗಿನ ಕೋಣೆಗೆ ಕೂಗಿ ಹೇಳಿದರು. ಒಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು ಬಂತು.

ಮುಖದ ಜೋಮು ಇಳಿದ ಮೇಲೆ ಹೇಳಿದರಾಯಿತು ಎಂದುಕೊಂಡು ಮಾರ್ಚಪ್ಪ ಪ್ರೆಸ್ಸಿಗೆ ಹೋದ. ರಜ ಕೇಳಬೇಕಿತ್ತು. ಪ್ರೆಸ್ಸಿನ ಮಾಲೀಕರು ಗಾಜಿನ ಕೋಣೆಯಲ್ಲಿ ಕೂತು, ಶಾಯಿ ಹತ್ತಿದ ಫೆಬ್ರವರಿಯೊಂದನ್ನು ಹಿಡಿದುಕೊಂಡು ಬೇಜಾರಿನಲ್ಲಿದ್ದರು. ಮಾರ್ಚಪ್ಪ ಈ ಸಲ ಮಾತನ್ನು ಮೊದಲೇ ಸಿದ್ಧ ಮಾಡಿಕೊಂಡಿದ್ದ. ಸಿದ್ಧ ಮಾಡಿಕೊಂಡ ಮಾತಿನಲ್ಲಿ ವಿನಯ ಇರಲಿ ಎಂದು 'ನನಗೆ' ಎಂಬುದನ್ನು ತೆಗೆದಿದ್ದ.

"ಸಾರ್, ಮುಂದಿನ ವಾರ ನಾವು ಒಂದು ಸುತ್ತು ಹೋಗಿ, ಆ ಜಾಗಗಳನ್ನೆಲ್ಲ ಕಣ್ಣಾರೆ ನೋಡಿ ಬರೋಣ ಅಂತಿದೀವಿ. ಸಮುದ್ರ, ಕಾಡು, ಬೆಟ್ಟ."

ಮಾಲೀಕರು ಫೆಬ್ರವರಿಯನ್ನು ಕೆಳಗಿಟ್ಟರು. "ಇನ್ನೊಂದ್ಸಲ ಹೇಳಿ."

"ನಾವು ಹೋಗಿ..."

"ನಾವು," ಎಂದು ಮಾಲೀಕರು ತಾವೇ ಹೇಳಿ ನೋಡಿದರು. "ನಮ್ಮಪ್ಪ ಈ ಪ್ರೆಸ್ಸು ಶುರು ಮಾಡಿದಾಗಿಂದ ಇಲ್ಲಿ ಯಾರೂ ಆ ಮಾತು ಆಡಿಲ್ಲ. ನಿಮ್ಮ ಮೆಷೀನು ಕೆಟ್ಟಿದೆ ಸಾರ್ ಅಂತಾರೆ. ನಿಮ್ಮ ಫ್ಯಾನು ತಿರುಗ್ತಿಲ್ಲ ಅಂತಾರೆ. ನೀವು ಎರಡು ಮಾರ್ಚ್ ಹಾಕಿದಾಗ ನಿಮ್ಮ ಕ್ಯಾಲೆಂಡರ್ ತಪ್ಪಾಗಿದೆ ಸಾರ್ ಅಂತ ನಂಗೇ ಬಂದು ಹೇಳಿದ್ರಲ್ಲ, ನೆನಪಿದ್ಯಾ?"

"ಇದೆ ಸಾರ್."

"ಇವತ್ತು ನಾವು ಅಂದ್ರಿ." ಅವರು ಎದ್ದು ಬಂದು ಮಾರ್ಚಪ್ಪನ ಭುಜ ಹಿಡಿದರು. "ರಜ ಯಾಕೆ ಕೇಳ್ತೀರಿ? ಪ್ರೆಸ್ಸಿಗೇ ಬಾಗಿಲು ಹಾಕೋಣ. ಎಲ್ಲರೂ ಹೋಗೋಣ. ಮುಂದಿನ ವರ್ಷದ ಫೋಟೋಗಳನ್ನ ನಾವೇ ತೆಗೆಯೋಣ. ದಾರಿ ತೋರ್ಸೋಕೆ ನೀವಿದೀರಿ."

ಮಾರ್ಚಪ್ಪ ಬಾಯಿ ತೆರೆದ. ಹಲ್ಲಿನ ಡಾಕ್ಟರ ಸೂಜಿಯ ಪ್ರಭಾವ ಇಳಿದು ಬಹಳ ಹೊತ್ತಾಗಿತ್ತು, ಆದರೂ ಮಾತು ಬರಲಿಲ್ಲ. ಗಾಜಿನ ಆಚೆ ಶಾಯಿಯವನು, ಕತ್ತರಿಸುವವನು, ಹೊಲಿಯುವ ಹೆಂಗಸರು ಆಗಲೇ ಕೈ ಕುಲುಕಿಕೊಳ್ಳುತ್ತಿದ್ದರು.

ಸಂಜೆ ಮನೆಗೆ ನಡೆದು ಬರುವ ದಾರಿಯಲ್ಲಿ ಅವನಿಗೆ ಕೊನೆಗೂ ಹೊಳೆಯಿತು: ತಪ್ಪೆಲ್ಲ ಆ ಒಂದು ಪದದ್ದು. ಇನ್ನು ಮೇಲೆ ಸತ್ತರೂ 'ನಾವು' ಅನ್ನಬಾರದು. ಇದು ಅವನ ಜೀವನದ ಸ್ಪಷ್ಟ ತೀರ್ಮಾನಗಳಲ್ಲಿ ಒಂದು. ಅನರ್ಥವಾಗಿದ್ದು ಇದರಿಂದಲೇ.

ಅವನು ಬಾಗಿಲು ತೆಗೆಯುವಾಗ ಫೋನು ಬಡಿದುಕೊಳ್ಳುತ್ತಿತ್ತು. ಷಡ್ಡಕನ ಕರೆ. ಹೆಂಡತಿಯ ತಂಗಿಯ ಗಂಡ. ಯಾವ ಸುದ್ದಿಯನ್ನೂ ತನ್ನ ಹತ್ತಿರ ಇಟ್ಟುಕೊಳ್ಳಲಾರದ ಉದಾರಿ.

"ಏನ್ರೀ, ಮುಂದಿನ ವಾರ ಮನೇಲಿರ್ತೀರಾ?"

"ಇಲ್ಲ," ಎಂದ ಮಾರ್ಚಪ್ಪ. ಪದವನ್ನು ಆರಿಸಿ, ನಾಲಿಗೆಯ ಮೇಲೆ ಸರಿಯಾಗಿ ಕೂರಿಸಿ ಹೇಳಿದ: "ನಾನು ಸಮುದ್ರದ ಕಡೆ ಹೋಗ್ತಾ ಇದೀನಿ."

"ನೀವಾ?"

"ನಾನು."

"ಒಬ್ರೇನಾ?"

"ನಾನು ಹೋಗ್ತಾ ಇದೀನಿ," ಎಂದು ಮಾರ್ಚಪ್ಪ ಗಟ್ಟಿಯಾಗಿ ಹೇಳಿದ. "ಅಲ್ಲಿಂದ ಕಾಡಿಗೆ. ಆಮೇಲೆ ಬೆಟ್ಟಕ್ಕೆ."

"ಕಾಡಿಗೆ," ಎಂದ ಷಡ್ಡಕ ಸಣ್ಣ ದನಿಯಲ್ಲಿ. "ಅತ್ತಿಗೆಗೆ ಗೊತ್ತಾ?"

"ಅವಳಿಗೆ ಎಲ್ಲ ಹೇಳಿದೀನಿ. ಜಗಳ ಆಡಲ್ಲ ಅಂದಿದಾಳೆ."

ಮರುದಿನ ಬೆಳಿಗ್ಗೆ ಹಾಲಿನವನಿಗಿಂತ ಮೊದಲು ಅತ್ತೆ ಬಂದರು. ಕೈಯಲ್ಲಿ ಸೂಟ್‌ಕೇಸ್, ಮುಖದಲ್ಲಿ ತೀರ್ಪು. ಮಗಳು ಕೆಲಸಕ್ಕೆ ಹೋಗಿಯಾಗಿತ್ತು. ಡಿಪೋದಲ್ಲಿ ಜನ ಬೆಳಿಗ್ಗೆಯೇ ಜಾಸ್ತಿ ಮರೆಯುತ್ತಾರೆ.

"ಕೂತ್ಕೊಳ್ಳಿ ಅತ್ತೆ."

"ಕೂರೋಕೆ ಬಂದಿಲ್ಲ. ನನ್ ಮಗಳಲ್ಲಿ ಏನು ಕಡಿಮೆ ಕಂಡಿದ್ದು ನಿಮ್ಗೆ? ನಿಮ್ಮ ಮಾವನೂ ಒಂದ್ಸಲ ಸಂಸಾರ ಬಿಟ್ಟು ಕಾಡಿಗೆ ಹೋಗ್ತೀನಿ ಅಂದಿದ್ರು. ಸ್ವೆಟರ್ ಹುಡುಕ್ಕೊಡು ಅಂದ್ರು. ಹುಡುಕ್ಕೊಡ್ಲಿಲ್ಲ. ಅಲ್ಲಿಗೆ ಮುಗೀತು. ನನ್ ಮಗಳು ಪಾಪದವಳು, ಸ್ವೆಟರ್ ಕೊಟ್ಟೇ ಬಿಟ್ಟಿರ್ತಾಳೆ."

ಮಾರ್ಚಪ್ಪನಿಗೆ ಸ್ವೆಟರ್ ಎಲ್ಲಿಂದ ಬಂತು ಎಂದು ತಿಳಿಯಲಿಲ್ಲ. ಬಾಗಿಲು ತೆರೆದೇ ಇತ್ತು. ಎದುರುಮನೆಯವರು, ಹಲ್ಲಿನ ಡಾಕ್ಟರ ಹೆಂಡತಿ, ಅವರ ತಂಗಿ, ಎಲ್ಲರೂ ಮೆಟ್ಟಿಲ ಮೇಲೆ ಏನೋ ಹುಡುಕುವವರ ಹಾಗೆ ನಿಂತಿದ್ದರು.

"ಅತ್ತೆ, ನಾನೊಬ್ನೇ ಹೋಗ್ತಿಲ್ಲ."

"ಇನ್ಯಾರು ಜೊತೆಗೆ?" ಅತ್ತೆ ಗೋಡೆ ಹಿಡಿದುಕೊಂಡರು. ಮೆಟ್ಟಿಲ ಮೇಲಿನವರು ಹುಡುಕುವುದನ್ನು ನಿಲ್ಲಿಸಿದರು.

ಈಗ ಉಳಿದಿದ್ದು ಒಂದೇ ಪದ. ಮಾರ್ಚಪ್ಪ ಕಣ್ಣು ಮುಚ್ಚಿ ಅದನ್ನು ಹೇಳಿದ. "ನಾವು ಅತ್ತೆ. ನಾವು ಹೋಗ್ತಾ ಇದೀವಿ."

ಅತ್ತೆಯ ಮುಖ ನಿಧಾನವಾಗಿ ತಿಳಿಯಾಯಿತು. "ಹಾಗನ್ನಿ ಮತ್ತೆ," ಎಂದು ಸೂಟ್‌ಕೇಸನ್ನು ಕುರ್ಚಿಯ ಮೇಲಿಟ್ಟರು. "ಮುಂದಿನ ಸೀಟು ನಂಗೆ ಬೇಕು. ಹಿಂದೆ ಕೂತ್ರೆ ವಾಂತಿ ಬರುತ್ತೆ." ಎದುರುಮನೆಯವರು, ತಮಗೂ ಹಾಗೇ ಆಗುತ್ತದೆ ಎಂದರು.

ಇದಾದ ಮೇಲೆ ಎಣಿಕೆ ಮಾರ್ಚಪ್ಪನ ಕೈ ಮೀರಿತು. ಷಡ್ಡಕ ತನ್ನ ಸಂಸಾರದ ಜೊತೆ ತಾನೇ ಬಂದ. ಕಾರು ಸಾಲದು ಎಂದು ಮಾಲೀಕರು ಬಸ್ಸು ಗೊತ್ತು ಮಾಡಿದರು. ಕಾಡಿನೊಳಗೆ ಬಸ್ಸು ಹೋಗಬೇಕಾದರೆ ಅಪ್ಪಣೆ ಬೇಕು ಎಂದು ಯಾರೋ ಹೇಳಿದ್ದರಿಂದ ಮಾರ್ಚಪ್ಪ ಅದಕ್ಕೆ ಸಂಬಂಧಪಟ್ಟ ಕಚೇರಿಗೆ ಹೋದ. ಅಪ್ಪಣೆ ಸಿಗದಿರಲಿ ಎಂಬ ಆಸೆಯೂ ಅವನೊಳಗೆ ಇತ್ತೆಂದು ಕಾಣುತ್ತದೆ, ಏಕೆಂದರೆ ಅವನು ಕಾಗದಪತ್ರ ಯಾವುದನ್ನೂ ಒಯ್ದಿರಲಿಲ್ಲ.

ಅಧಿಕಾರಿಯ ಕೋಣೆಯಲ್ಲಿ ಕಿಟಕಿಯಿರಲಿಲ್ಲ. ಕಿಟಕಿ ಇರಬೇಕಾದ ಜಾಗದಲ್ಲಿ ಮಾರ್ಚಪ್ಪನೇ ಜೋಡಿಸಿದ ಕ್ಯಾಲೆಂಡರ್ ತೂಗುತ್ತಿತ್ತು.

"ಯಾರು ಹೋಗೋದು?" ಎಂದು ಅಧಿಕಾರಿ ತಲೆಯೆತ್ತದೆ ಕೇಳಿದರು.

ನಾನು ಎಂದರೆ ಒಂದು ಅಪಾಯ, ನಾವು ಎಂದರೆ ಇನ್ನೊಂದು. ಮಾರ್ಚಪ್ಪ ಎರಡನ್ನೂ ಬಿಟ್ಟು, "ಹೋಗೋದು," ಎಂದಷ್ಟೇ ಹೇಳಿ ನಿಲ್ಲಿಸಿದ.

"ಹೋಗೋದು ಸರಿ. ಯಾರು?"

"ಹೋಗ್ಬೇಕು ಅಂತ ಇದೆ."

"ಯಾರಿಗೆ?"

"ಒಂದು ಇದು ಇದೆ ಸಾರ್. ಹೋಗೋ ಅಂಥದ್ದು."

ಅಧಿಕಾರಿ ಪೆನ್ನು ಕೆಳಗಿಟ್ಟು, ಈಗ ಮಾತ್ರ ಅವನನ್ನು ಪೂರ್ತಿಯಾಗಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಮೆತ್ತಗಾಯಿತು. "ಅರ್ಥವಾಯ್ತು. ನೇರವಾಗಿ ಕರೆಯೋಕೆ ಸಂಕೋಚ ನಿಮ್ಗೆ. ಕಾಡಿಗೆ ಅಪ್ಪಣೆ ಕೊಡೋ ಸೀಟಲ್ಲಿ ಇಷ್ಟು ವರ್ಷ ಕೂತಿದೀನಿ. ನಂಗೆ ಗೊತ್ತಿರೋ ಕಾಡು ಅಂದ್ರೆ ಅದೊಂದೇ," ಎಂದು ಗೋಡೆಯ ಕ್ಯಾಲೆಂಡರ್ ತೋರಿಸಿದರು. "ಎಷ್ಟು ಗಂಟೆಗೆ ಹೊರಡೋದು?"

ಹೊರಡುವ ಹಿಂದಿನ ಸಂಜೆ ಎಲ್ಲರೂ ಮಾರ್ಚಪ್ಪನ ಮನೆಯಲ್ಲಿ ಸೇರಿದರು. ಕುರ್ಚಿಗಳು ಮುಗಿದು, ಹಾಸಿಗೆಯ ಮೇಲೆ ಕೂತು, ಅದೂ ಮುಗಿದು ಕಿಟಕಿಯ ಕಟ್ಟೆ ಹತ್ತಿದರು. ಅಂಟಿಸಿದ ಸುರುಳಿಯನ್ನು ನೆಲದ ಮೇಲೆ ಹಾಸಲಾಗಿತ್ತು.

"ಮೊದ್ಲು ಬೆಟ್ಟ," ಎಂದ ಷಡ್ಡಕ. "ಹತ್ತೋ ಕೆಲಸ ಮೊದ್ಲು ಮುಗಿಸ್ಕೋಬೇಕು."

"ಬಸ್ಸು ಹತ್ತುತ್ತೆ. ನೀವ್ಯಾಕೆ ಹತ್ತುತ್ತೀರಿ?" ಎಂದರು ಡಾಕ್ಟರು. "ಮೊದ್ಲು ಸಮುದ್ರ. ಉಪ್ಪುನೀರು ಒಸಡಿಗೆ ಒಳ್ಳೇದು."

"ಸಮುದ್ರಾನೇ ಸರಿ, ಬೆಳಗಿನ ಬೆಳಕು ಸಿಗುತ್ತೆ," ಎಂದು ಮಾಲೀಕರು ತೀರ್ಮಾನಿಸಿದರು. "ಎರಡನೇ ದಿನ ಈ ತಿರುವು ಬರುತ್ತೆ, ಅಲ್ವಾ? ಮಾರ್ಚಪ್ನೋರೆ, ಈ ತಿರುವಿನ ಆಚೆ ಏನಿದೆ?"

ಎಲ್ಲರೂ ಅವನ ಕಡೆ ತಿರುಗಿದರು. ಬೆಟ್ಟದ ತಿರುವು ಕಾಗದದ ಅಂಚಿನಲ್ಲಿ ಮುಗಿದಿತ್ತು. ಮಾರ್ಚಪ್ಪ ಬಗ್ಗಿ ನೋಡಿದ. ಅಭ್ಯಾಸಬಲದಿಂದ ಅವನ ಬಾಯಲ್ಲಿ ನಿಜ ಬಂದುಬಿಟ್ಟಿತು.

"ಆಚೆ ಏಪ್ರಿಲ್."

"ಅಂದ್ರೆ?"

"ಅಂದ್ರೆ... ಆಚೆ ಪುಟ ಮುಗಿಯುತ್ತೆ."

ಬಣ್ಣ ಬಯಲಾಯಿತು ಎಂದು ಮಾರ್ಚಪ್ಪನಿಗೆ ಒಂದು ಬಗೆಯ ಬಿಡುಗಡೆಯೇ ಆಯಿತು. ಇನ್ನು ಯಾರೂ ಬರುವುದಿಲ್ಲ.

"ಎಂಥಾ ಮಾತು," ಎಂದರು ಅಧಿಕಾರಿ ಕಿಟಕಿಯ ಕಟ್ಟೆಯಿಂದ. "ಆಚೆ ಪುಟ ಮುಗಿಯುತ್ತೆ. ಅಷ್ಟು ಕಡಿದಾದ ಪ್ರಪಾತ ಇರ್ಬೇಕು." ಹೊಲಿಯುವ ಹೆಂಗಸರು ಎದೆಯ ಮೇಲೆ ಕೈಯಿಟ್ಟುಕೊಂಡರು. ಅತ್ತೆ, ಆ ಜಾಗ ಬಂದಾಗ ತಮ್ಮನ್ನು ಎಬ್ಬಿಸಬಾರದು ಎಂದು ಹೇಳಿ ಇಟ್ಟರು.

ಆಗ ಬಾಗಿಲಲ್ಲಿ ಅವನ ಹೆಂಡತಿ ಕಾಣಿಸಿಕೊಂಡಳು. ಅಮ್ಮ ಬಂದಿರುವುದು ಅವಳಿಗೆ ಗೊತ್ತಿತ್ತು; ಕಿರಿಮಗಳ ಮನೆಯಲ್ಲಿ ಮೊಮ್ಮಗಳ ಪರೀಕ್ಷೆ ಮುಗಿಯಿತೆಂದು ಬಂದೆ ಎಂದು ಅಮ್ಮ, ಮಾರ್ಚಪ್ಪನ ಮಾನ ಉಳಿಸಲು, ಸುಳ್ಳು ಹೇಳಿದ್ದರು. ಬಸ್ಸಿನ ವಿಷಯ ಗೊತ್ತಿರಲಿಲ್ಲ. ಅವಳು ಕೋಣೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಅಡುಗೆಮನೆಗೆ ಹೋಗಿ, ಎಲ್ಲರಿಗೂ ಚಹಾ ಇಟ್ಟಳು. ಮಾರ್ಚಪ್ಪ ಲೋಟ ಹುಡುಕುವ ನೆಪದಲ್ಲಿ ಹಿಂದೆಯೇ ಹೋದ.

"ಇವರೆಲ್ಲ ಯಾರು?"

"ನಾನು ಯಾರನ್ನೂ ಕರೀಲಿಲ್ಲ. ನಾವು ಅಂದೆ ಅಷ್ಟೇ."

"ಇದು ನಾವು ಅಲ್ಲ," ಎಂದಳು ಚಹಾ ಸೋಸುತ್ತ. "ಇದು ನಾವೆ. ಹಡಗು."

"ಈಗ ಹೋಗಿ ಎಲ್ಲರಿಗೂ ಹೇಳ್ತೀನಿ, ನಾವಿಬ್ರೇ ಅಂತ."

"ಹೇಳ್ಬೇಡಿ. ಆ ಡಾಕ್ಟರ ಹೆಂಡ್ತಿ ಹೊಸ ಟೋಪಿ ಹಾಕ್ಕೊಂಡು ಕೂತಿದಾರೆ, ಮನೆಯೊಳಗೇ. ನೀವು ಹೋಗಿ ಬನ್ನಿ."

ಅವಳ ದನಿ ಎಂದಿನಂತೆಯೇ ಇತ್ತು. ಮದುವೆಯಾದಾಗಿನಿಂದ ಅವಳು ಅವನನ್ನು ನೀವು ಎಂದೇ ಕರೆಯುತ್ತಿದ್ದಳು. ಈಗಿನ ನೀವು ಹಳೆಯ ಗೌರವದ್ದೋ, ಅಥವಾ ಅವನನ್ನೂ ಆಚೆ ಕೋಣೆಯವರ ಜೊತೆ ಸೇರಿಸಿ ಹೇಳಿದ್ದೋ ಎಂದು ಮಾರ್ಚಪ್ಪ ಕೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು ಲೋಟಗಳ ತಟ್ಟೆಯನ್ನು ಅವನ ಕೈಯಲ್ಲಿಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಬಸ್ಸು ಕಟ್ಟಡದ ಮುಂದೆ ನಿಂತಿತು. ಬೀದಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಯಾರು ಯಾರ ಮೂಲಕ ಬಂದರು ಎಂಬುದು ಈಗ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬರು ದೊಡ್ಡ ಥರ್ಮಾಸ್ ಅಪ್ಪಿಕೊಂಡು ಕೂತಿದ್ದರು, ಅವರನ್ನು ಎಲ್ಲರೂ ಇನ್ನೊಬ್ಬರ ಮಾವ ಎಂದು ತಿಳಿದಿದ್ದರು. ಅತ್ತೆ ಡ್ರೈವರಿನ ಪಕ್ಕದ ಸೀಟು ಹಿಡಿದು, ಡ್ರೈವರಿಗೆ ಕನ್ನಡಿ ಕಾಣದಂತೆ ಶಾಲು ತೂಗುಹಾಕಿದ್ದರು.

ಮಾರ್ಚಪ್ಪ ಕೊನೆಯವನಾಗಿ ಹತ್ತಿದ, ಒಬ್ಬನೇ. ಕೂರಲಿಲ್ಲ. ಬಾಗಿಲ ಬಳಿಯ ಕಂಬಿ ಹಿಡಿದು ನಿಂತ. ಅಡುಗೆಮನೆಯಲ್ಲಿ ಹೆಂಡತಿ ಹೇಳಬೇಡಿ ಎಂದದ್ದನ್ನು ಅವನು ಮೆಟ್ಟಿಲಿಳಿಯುತ್ತ ಪೂರ್ತಿ ಮರೆತಿದ್ದ. ಅವನ ಮರೆವು ಸರಿಯಾದ ಸಮಯಕ್ಕೆ ಕೆಲಸ ಮಾಡಿದ್ದು ಬಹುಶಃ ಅದೊಂದೇ ಸಲ.

"ಒಂದು ಮಾತು ಹೇಳ್ಬೇಕು," ಎಂದ. "ನಾನು ನಾವು ಅಂದಿದ್ದು... ಆ ನಾವು ಅಂದ್ರೆ... ನಾನು ಮತ್ತೆ ನನ್ನ ಹೆಂಡ್ತಿ. ಅಷ್ಟೇ. ಇನ್ನು ಯಾರೂ ಅಲ್ಲ."

ಮಾಲೀಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಸ್ಸಿಗೆ ಬಸ್ಸೇ ತಟ್ಟಿತು.

"ಕೇಳಿಸ್ಕೊಂಡ್ರಾ?" ಎಂದು ಡಾಕ್ಟರು ಅಧಿಕಾರಿಗೆ ಹೇಳಿದರು. "ನಾವೆಲ್ಲ ಇವರಿಗೆ ಹೆಂಡ್ತಿ ಇದ್ದ ಹಾಗಂತೆ. ಅಷ್ಟು ಹತ್ತಿರ."

"ಬೇರೆ ಯಾರೂ ಅಲ್ಲ ಅಂದ್ರಲ್ಲ, ಅದು ನಂಗೆ ನಾಟಿತು," ಎಂದರು ಅಧಿಕಾರಿ.

ಅತ್ತೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಶಾಲು ಸರಿಸಿ ಸೀಟುಗಳನ್ನೆಲ್ಲ ಒಂದು ಸಲ ನೋಡಿದರು. "ಅದಿರ್ಲಿ. ಅವಳೆಲ್ಲಿ?"

"ಮನೇಲಿ."

"ಮತ್ತೆ ನೀವು ಇಲ್ಲಿ ಭಾಷಣ ಮಾಡ್ತಾ ನಿಂತಿದೀರಲ್ಲ."

ಮಾರ್ಚಪ್ಪ ಇಳಿದ. ಅವನು ಕಟ್ಟಡದ ಬಾಗಿಲು ತಲುಪುವಷ್ಟರಲ್ಲಿ ಹಿಂದೆ ಡ್ರೈವರಿನ ಕೂಗು ಕೇಳಿಸಿತು. "ಎಲ್ಲರೂ ಬಂದ್ರಾ?"

"ನಾವೆಲ್ಲ ಬಂದ್ವಿ," ಎಂದಿತು ಇಡೀ ಬಸ್ಸು ಒಂದೇ ದನಿಯಲ್ಲಿ.

ಬಸ್ಸು ಹೊರಟಿತು. ಅತ್ತೆ ಏನೋ ಹೇಳುತ್ತಿದ್ದುದು ಗಾಜಿನ ಹಿಂದೆ ಕಂಡಿತು, ಆದರೆ ಎಂಜಿನ್ನೂ ಹಾಡೂ ಒಟ್ಟಿಗೇ ಶುರುವಾಗಿದ್ದವು. ಮಾರ್ಚಪ್ಪ ಕೈ ಬೀಸುತ್ತ ಹಿಂದೆ ಓಡಿದ. ಕಿಟಕಿಗಳಿಂದ ಹತ್ತಾರು ಕೈಗಳು ಸಂತೋಷದಿಂದ ಬೀಸಿದವು. ಬೀದಿಯಲ್ಲಿ ಉಳಿದಿರುವವನಿಗೆ ವಿದಾಯ ಹೇಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಉಳಿದವನು ಯಾರು ಎಂದು ನೋಡಲು ಯಾರಿಗೂ ಹೊಳೆಯಲಿಲ್ಲ.

"ಓಡ್ಬೇಡಿ," ಎಂದಿತು ಹಿಂದಿನಿಂದ ಒಂದು ದನಿ.

ಹೆಂಡತಿ ಕಟ್ಟಡದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದೇ ಒಂದು ಚೀಲವಿತ್ತು.

"ನಾನು ಇಲ್ಲೇ ಉಳಿದ್ಬಿಟ್ನಲ್ಲ," ಎಂದ ಮಾರ್ಚಪ್ಪ ಏದುಸಿರು ಬಿಡುತ್ತ. "ಅವರು ಎಣಿಸ್ಲೇ ಇಲ್ಲ."

"ಹತ್ತೋವಾಗ ಯಾರೂ ಎಣಿಸಲ್ಲ ರೀ. ಇಳಿದ್ಮೇಲೆ ಎಣಿಸ್ತಾರೆ. ನಮ್ಮ ಕೌಂಟರ್ ನಡೀತಿರೋದೇ ಅದರಿಂದ." ಅವಳು ಕಿಟಕಿಯಿಂದ ಭಾಷಣ ಕೇಳಿದ್ದಳೋ ಇಲ್ಲವೋ ಹೇಳಲಿಲ್ಲ. ಮೇಲಿಂದ ಕೆಳಗೆ ಅವನನ್ನೊಮ್ಮೆ ನೋಡಿ, ಕಾಲರ್ ಸರಿ ಮಾಡಿದಳು. "ಬಸ್ಸಿನವರು ಬಿಟ್ಟುಹೋದ ವಸ್ತು ನಮ್ಮ ವಿಭಾಗಕ್ಕೆ ಸೇರಿದ್ದು. ವಾರಸುದಾರರು ಬಂದು ಕೇಳೋವರೆಗೂ ನನ್ನ ಹತ್ರ ಇಟ್ಕೋಬಹುದು. ಕಾರಿನ ಕೀ ಎಲ್ಲಿ?"

ಕ್ಯಾಲೆಂಡರಿನ ಸುರುಳಿ ಬಸ್ಸಿನಲ್ಲಿ ಹೋಗಿತ್ತು. ಮಾರ್ಚಪ್ಪ ಸ್ಟಿಯರಿಂಗ್ ಹಿಡಿದು ಕೂತು, ದಾರಿ ಗೊತ್ತಿಲ್ಲ ಎಂಬುದನ್ನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ. ಹೆಂಡತಿ ಮುಂದಿನ ಬಾಗಿಲು ತೆಗೆದು, ಒಂದು ಕ್ಷಣ ಆ ಸೀಟನ್ನು ನೋಡಿ, ಕೂತಳು. ಗಾಜಿನ ಮೇಲೆ ಬೆಳಗಿನ ಮಂಜು ಕೂತಿತ್ತು. ಅದನ್ನು ಅವಳೇ ತೋಳಿನಿಂದ ಒರೆಸಿದಳು.

"ಅವರು ಸಮುದ್ರದಿಂದ ಶುರು ಮಾಡ್ತಾರೆ," ಎಂದಳು. "ನೀವು ಬೆಟ್ಟದ ಕಡೆ ಬಿಡಿ."

"ಕಾಡಲ್ಲಿ ಎದುರಾಗ್ತಾರಲ್ಲ?"

"ಕಾಡು ದೊಡ್ಡದು."

ಗೇಟಿನ ಹತ್ತಿರ ಕಾವಲುಗಾರ ಕಾರಿಗೆ ಅಡ್ಡ ಬಂದ. ಇವರಿಬ್ಬರನ್ನು ಬಿಟ್ಟರೆ ಕಟ್ಟಡದಲ್ಲಿ ಉಳಿದ ಒಬ್ಬನೇ ಮನುಷ್ಯ ಅವನು. ಅವನ ಮುಖದಲ್ಲಿ ಅದು ಎದ್ದು ಕಾಣುತ್ತಿತ್ತು. ಹೆಗಲಿಗೆ ಒಂದು ಚೀಲ ಹಾಕಿಕೊಂಡಿದ್ದ. "ನಂಗೂ ರಜಾ ಸಿಕ್ತು ಸಾರ್. ಕಾಯೋಕೆ ಯಾರೂ ಇಲ್ವಲ್ಲ," ಎಂದು ಕಿಟಕಿಗೆ ಬಗ್ಗಿದ. "ಎಲ್ಲಿಗೆ ಹೊರಟ್ರಿ?"

ಮಾರ್ಚಪ್ಪ ಬಾಯಿ ತೆರೆದ. "ನಾ—"

ಹೆಂಡತಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ನಾನು ಹೋಗ್ತಾ ಇದೀನಿ," ಎಂದಳು ಕಾವಲುಗಾರನಿಗೆ. "ಇವರೂ ಹೋಗ್ತಾ ಇದಾರೆ."

ಕಾವಲುಗಾರ ಅವಳ ಮುಖ ನೋಡಿ, ಇವನ ಮುಖ ನೋಡಿದ. "ಒಟ್ಟಿಗಾ ಅಮ್ಮಾ?"

"ಕಾರು ಒಂದೇ."

ಅವನು ಈ ಉತ್ತರವನ್ನು ಯೋಚಿಸುತ್ತ ನಿಂತಿದ್ದಾಗ ಅವನ ಕೈ ತಾನಾಗಿಯೇ ಹಿಂದಿನ ಬಾಗಿಲ ಹಿಡಿಗೆ ಹೋಯಿತು. ಅದಕ್ಕೆ ಅವಳು ಆಗಲೇ ಲಾಕ್ ಹಾಕಿದ್ದಳು.